ಕಿರುಚಿತ್ರ ಬಿಚ್ಚಿ ನೋಡುವ ಬಗೆ: ಕೋಡಂಬಾಕ್ಕಂ ಪಾಠಗಳು

‘ಛಾಯಾಗ್ರಹಣ ಕಣ್ಣಿಗೆ ತಂಪು. ಹಿನ್ನೆಲೆ ಸಂಗೀತ ಕಥೆಗೆ ಪೂರಕ. ಸಂಕಲನ ಇನ್ನಷ್ಟು ಚುರುಕಾಗಬೇಕಿತ್ತು.’

ನಮ್ಮ ಸಿನಿಮಾ ವಿಮರ್ಶೆಗಳಲ್ಲಿ ಈ ಮೂರು ವಾಕ್ಯಗಳು ವಾರವಾರವೂ ಕಾಣಿಸಿಕೊಳ್ಳುತ್ತವೆ. ಚಿತ್ರದ ಹೆಸರು ಬದಲಾಗುತ್ತದೆ, ವಾಕ್ಯಗಳು ಬದಲಾಗುವುದಿಲ್ಲ. ಓದಿದವರಿಗೆ ಚಿತ್ರದ ಬಗ್ಗೆ ಏನೂ ತಿಳಿಯುವುದಿಲ್ಲ, ಬರೆದವರು ಚಿತ್ರ ನೋಡಿದ್ದಾರೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಈಗ ಪತ್ರಿಕೋದ್ಯಮ, ದೃಶ್ಯ ಸಂವಹನ ಓದುವ ಮಕ್ಕಳಿಗೆ ‘ಒಂದು ಕಿರುಚಿತ್ರ ನೋಡಿ, ಅದರ ತಂತ್ರಗಳನ್ನು ವಿಶ್ಲೇಷಿಸಿ’ ಎಂದು ಅಸೈನ್‌ಮೆಂಟ್ ಕೊಡುವುದು ಮಾಮೂಲಾಗಿದೆ. ಬಂದ ಹಾಳೆಗಳಲ್ಲಿ ಕ್ಲೋಸಪ್, ಲಾಂಗ್ ಶಾಟ್, ಲೋ ಆ್ಯಂಗಲ್, ಜಂಪ್ ಕಟ್ ಎಂದು ಹೆಸರುಗಳ ಮೆರವಣಿಗೆ ಇರುತ್ತದೆ, ಚಿತ್ರ ಮಾತ್ರ ಎಲ್ಲೂ ಸಿಗುವುದಿಲ್ಲ. ಅಡುಗೆ ಹೇಗಿತ್ತು ಎಂದು ಕೇಳಿದರೆ ಪಾತ್ರೆಗಳ ಪಟ್ಟಿ ಕೊಟ್ಟ ಹಾಗೆ.

ಹಾಗಾದರೆ ಏನು ಮಾಡಬೇಕು? ಬೇರೆ ಯಾವ ಚಿತ್ರಕ್ಕೂ ಹೊಂದದ ಒಂದು ವಾಕ್ಯ ಬರೆಯಬೇಕು. ಗುರಿ ಅಷ್ಟೇ. ಅಂಥ ಒಂದು ವಾಕ್ಯ ಸಿಕ್ಕಿತು ಎಂದರೆ ನೀವು ಚಿತ್ರವನ್ನು ನಿಜವಾಗಿ ನೋಡಿದ್ದೀರಿ. ಐದು ಸಿಕ್ಕರೆ ಲೇಖನವೇ ಆಯಿತು. ಅದನ್ನು ಹುಡುಕುವ ದಾರಿಗೆ ನಾನು ಚೆನ್ನೈನ ಕೋಡಂಬಾಕ್ಕಮನ್ನು ನಕ್ಷೆಯಾಗಿ ಹಿಡಿದುಕೊಳ್ಳುತ್ತೇನೆ. ಕಾರಣವಿದೆ.

ಕೋಣೆಯಿಂದ ಕೋಣೆಗೆ

ಬೀಚ್–ತಾಂಬರಂ ಲೋಕಲ್ ರೈಲಿನಲ್ಲಿ ಬಂದು ಕೋಡಂಬಾಕ್ಕಂ ಸ್ಟೇಷನ್ನಿನಲ್ಲಿ ಇಳಿದು, ಆರ್ಕಾಟ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ವಡಪಳನಿ, ಅದರಾಚೆ ಸಾಲಿಗ್ರಾಮಂ. ತಮಿಳು ಚಿತ್ರೋದ್ಯಮಕ್ಕೆ ‘ಕಾಲಿವುಡ್’ ಎಂಬ ಹೆಸರು ಕೊಟ್ಟ ಊರು ಇದೇ. ಕಾರೈಕುಡಿಯಲ್ಲಿದ್ದ ಎವಿಎಂ ಸ್ಟುಡಿಯೊ 1948ರಲ್ಲಿ ಇಲ್ಲಿಗೆ ಬಂತು. ನಾಗಿರೆಡ್ಡಿಯವರ ವಿಜಯಾ–ವಾಹಿನಿ, ಎಲ್.ವಿ.ಪ್ರಸಾದ್ ಅವರ ಪ್ರಸಾದ್, ಭಾನುಮತಿಯವರ ಭರಣಿ ಎಲ್ಲವೂ ಇದೇ ಸುತ್ತಿನಲ್ಲಿದ್ದವು. ವಿಜಯಾ–ವಾಹಿನಿಯ ಶೂಟಿಂಗ್ ಫ್ಲೋರುಗಳಿದ್ದ ಜಾಗದಲ್ಲಿ ಈಗ ಆಸ್ಪತ್ರೆ ಇದೆ, ಮಾಲ್ ಇದೆ.

ಕನ್ನಡಿಗರಿಗೆ ಇದು ಪರಸ್ಥಳವಲ್ಲ. ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದ ‘ಬೇಡರ ಕಣ್ಣಪ್ಪ’ (1954) ಎವಿಎಂ ಸಹಯೋಗದಲ್ಲಿ ತಯಾರಾದದ್ದು. ದಶಕಗಳ ಕಾಲ ಕನ್ನಡ ಚಿತ್ರವೆಂದರೆ ಮದ್ರಾಸಿನಲ್ಲಿ ತಯಾರಾಗಿ ರೈಲು ಹತ್ತಿ ಬೆಂಗಳೂರಿಗೆ ಬರುವ ಸರಕಾಗಿತ್ತು. ಪುಟ್ಟಣ್ಣ ಕಣಗಾಲ್ ಕೆಲಸ ಕಲಿತದ್ದು ಬಿ.ಆರ್.ಪಂತುಲು ಅವರ ಸಹಾಯಕರಾಗಿ, ಮದ್ರಾಸಿನಲ್ಲೇ.

ನಮಗೆ ಇಲ್ಲಿ ಬೇಕಾದದ್ದು ಚರಿತ್ರೆಗಿಂತ ಕೆಲಸದ ಹಂಚಿಕೆ. ಕೋಡಂಬಾಕ್ಕಂನಲ್ಲಿ ಸಿನಿಮಾ ಎಂಬುದು ಒಂದೇ ವಸ್ತುವಲ್ಲ. ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಶೂಟಿಂಗ್ ಮುಗಿದು ಎಡಿಟಿಂಗ್ ರೂಮು, ಅಲ್ಲಿಂದ ಡಬ್ಬಿಂಗ್ ಥಿಯೇಟರು, ಆಮೇಲೆ ಎಫೆಕ್ಟ್ಸ್, ಆರ್‌ಆರ್ ಎಂದು ಎಲ್ಲರೂ ಕರೆಯುವ ರೀ–ರೆಕಾರ್ಡಿಂಗ್, ಮಿಕ್ಸಿಂಗ್, ಕೊನೆಗೆ ಬಣ್ಣ ತಿದ್ದುವ ಡಿ.ಐ. ಒಂದೊಂದು ಕೋಣೆಯೂ ಚಿತ್ರದ ಮೇಲೆ ತನ್ನ ಬೆರಳಗುರುತು ಬಿಟ್ಟೇ ಕಳಿಸುತ್ತದೆ. ದೊಡ್ಡ ಫ್ಲೋರುಗಳು ಹೋದರೂ ಇಂಥ ಸಣ್ಣ ಕೋಣೆಗಳು ಈ ಬೀದಿಗಳಲ್ಲಿ ಇವತ್ತಿಗೂ ಇವೆ. ಮೊಬೈಲಿನಲ್ಲಿ ಚಿತ್ರ ತೆಗೆದವರೂ ಮಾತು ಕೂರಿಸಲು ಇಂಥದ್ದೊಂದು ಬಾಗಿಲು ತಟ್ಟುತ್ತಾರೆ. ವಿಶ್ಲೇಷಣೆ ಎಂದರೆ ಆ ಕೋಣೆಗಳಲ್ಲಿ ಹಿಮ್ಮುಖವಾಗಿ ನಡೆದುಹೋಗುವುದು.

ಕಿರುಚಿತ್ರಕ್ಕೂ ಈ ಊರಿಗೂ ನಂಟು ಹಳೆಯದು. ಛಾಯಾಗ್ರಾಹಕ–ನಿರ್ದೇಶಕ ಬಾಲು ಮಹೇಂದ್ರ 2000ದ ಆಸುಪಾಸಿನಲ್ಲಿ ಸನ್ ಟಿ.ವಿ.ಗಾಗಿ ‘ಕಥೈ ನೇರಂ’ ಸರಣಿಯಲ್ಲಿ 52 ಸಣ್ಣ ಕಥೆಗಳನ್ನು ಚಿತ್ರಗಳನ್ನಾಗಿಸಿದರು. ಅವರು ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ್ದು ಎಂಬುದನ್ನು ಎಷ್ಟೋ ಜನ ಮರೆತಿದ್ದಾರೆ: 1977ರ ‘ಕೋಕಿಲಾ’. ಕಮಲ್ ಹಾಸನ್, ಶೋಭಾ ಇದ್ದ ಚಿತ್ರ. ಆಮೇಲೆ ತಮಿಳಿನಲ್ಲಿ ದೊಡ್ಡ ನಾಯಕನಾದ ನಮ್ಮ ಮೋಹನ್ ಅವರಿಗೂ ಅದೇ ಮೊದಲ ಚಿತ್ರ. ‘ಕೋಕಿಲಾ’ದ ಛಾಯಾಗ್ರಹಣಕ್ಕೆ ಬಾಲು ಮಹೇಂದ್ರರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಸಾಲಿಗ್ರಾಮಂನಲ್ಲಿ ಅವರು ಕೊನೆಯ ವರ್ಷಗಳಲ್ಲಿ ನಡೆಸಿದ ‘ಸಿನಿಮಾ ಪಟ್ಟರೈ’ ಎಂಬ ಶಾಲೆಯಲ್ಲಿ ಹುಡುಗರು ಕ್ಯಾಮೆರಾ ಕಲಿಯುವುದರ ಜತೆಗೆ ಕಥೆಗಳನ್ನೂ ಓದಬೇಕಿತ್ತು. ಇತ್ತ ಕಲೈಞರ್ ಟಿ.ವಿ.ಯ ‘ನಾಳೈಯ ಇಯಕ್ಕುನರ್’ ಕಿರುಚಿತ್ರ ಸ್ಪರ್ಧೆ ಬಂತು. ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸಾಮಿ, ಬಾಲಾಜಿ ಮೋಹನ್ ಮುಂತಾದವರು ಅಲ್ಲಿಂದ ದೊಡ್ಡ ಪರದೆಗೆ ಹೋದರು. ಅಲ್ಲಿಯವರೆಗೆ ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ಕ್ಲಾಪ್ ಹೊಡೆಯುವುದೊಂದೇ ದಾರಿ ಎಂದಿದ್ದ ಕೋಡಂಬಾಕ್ಕಂನಲ್ಲಿ ಹತ್ತು ನಿಮಿಷದ ಚಿತ್ರವೇ ವಿಸಿಟಿಂಗ್ ಕಾರ್ಡ್ ಆಯಿತು.

ಕೈಗೊಂದು ಚಿತ್ರ

ಅಭ್ಯಾಸಕ್ಕೆ ಸತ್ಯಜಿತ್ ರೇ ಅವರ ‘ಟೂ’ (1964) ತೆಗೆದುಕೊಳ್ಳಿ. ಸುಮಾರು 12 ನಿಮಿಷದ ಕಪ್ಪು–ಬಿಳುಪು ಚಿತ್ರ. ಅಂತರ್ಜಾಲದಲ್ಲಿ ನೋಡಲು ಸಿಗುತ್ತದೆ. ಇದನ್ನು ಆರಿಸಲು ಮುಖ್ಯ ಕಾರಣ, ಇದರಲ್ಲಿ ಒಂದೂ ಮಾತಿಲ್ಲ. ಎಸ್ಸೊ ಕಂಪನಿಯ ಟಿ.ವಿ. ಸರಣಿಗಾಗಿ ಬಂಗಾಳದ ಹಿನ್ನೆಲೆಯ ಚಿತ್ರವೊಂದನ್ನು ಇಂಗ್ಲಿಷಿನಲ್ಲಿ ಮಾಡಿಕೊಡಿ ಎಂದು ಕೇಳಿದ್ದರು. ರೇ ಭಾಷೆಯನ್ನೇ ಕೈಬಿಟ್ಟರು. ಕ್ಯಾಮೆರಾ ಸೌಮೇಂದು ರಾಯ್, ಸಂಕಲನ ದುಲಾಲ್ ದತ್ತ, ಸಂಗೀತ ರೇ ಅವರದೇ.

ಕಥೆ ಇಷ್ಟು. ದೊಡ್ಡ ಮನೆಯಲ್ಲಿ ಶ್ರೀಮಂತ ಹುಡುಗನೊಬ್ಬನೇ ಇದ್ದಾನೆ. ಸುತ್ತ ಆಟಿಕೆಗಳ ರಾಶಿ. ಹೊರಗಿನಿಂದ ಕೊಳಲಿನ ದನಿ ಕೇಳುತ್ತದೆ. ಕಿಟಕಿಯಿಂದ ನೋಡಿದರೆ ಕೆಳಗೆ ಗುಡಿಸಲಿನ ಹತ್ತಿರ ಬಡ ಹುಡುಗ ಊದುತ್ತಿದ್ದಾನೆ. ಇವನು ಆಟಿಕೆ ತುತ್ತೂರಿ ತಂದು ಅದನ್ನು ಮೀರಿಸಿ ಊದುತ್ತಾನೆ. ಅವನು ಡೋಲು ತರುತ್ತಾನೆ, ಇವನು ಕೀಲಿ ಕೊಟ್ಟರೆ ಡೋಲು ಬಡಿಯುವ ಕೋತಿ ಗೊಂಬೆ ತರುತ್ತಾನೆ. ಮುಖವಾಡಕ್ಕೆ ಮುಖವಾಡ. ಕೊನೆಗೆ ಬಡ ಹುಡುಗ ಗಾಳಿಪಟ ಹಾರಿಸುತ್ತಾನೆ. ಶ್ರೀಮಂತ ಹುಡುಗ ಏರ್‌ಗನ್ನಿನಿಂದ ಅದನ್ನು ಹೊಡೆದು ಬೀಳಿಸುತ್ತಾನೆ. ಗೆದ್ದವನು ಒಳಗೆ ಬಂದು ಎಲ್ಲ ಆಟಿಕೆಗಳಿಗೂ ಕೀಲಿ ಕೊಟ್ಟು ಬಿಡುತ್ತಾನೆ. ಆ ಗದ್ದಲದ ನಡುವೆ ಕೊಳಲು ಮತ್ತೆ ಕೇಳುತ್ತದೆ. ರೋಬೊ ಗೊಂಬೆಯೊಂದು ತಾನಾಗಿ ನಡೆದು ಹೋಗಿ ಬ್ಲಾಕುಗಳ ಗೋಪುರವನ್ನು ಕೆಡವುತ್ತದೆ.

ಮೊದಲ ಸಲ ಪೆನ್ನು ಹಿಡಿಯದೆ ನೋಡಿ. ಮುಗಿದ ಕೂಡಲೇ, ಮತ್ತೆ ಹಿಂದೆ ಓಡಿಸದೆ, ಮನಸ್ಸಿನಲ್ಲಿ ಉಳಿದ ಮೂರು ಚಿತ್ರಗಳನ್ನು ಬರೆದಿಟ್ಟುಕೊಳ್ಳಿ. ಇದು ಸಣ್ಣ ಕೆಲಸವೆಂದು ಬಿಡಬೇಡಿ. ಆ ಮೂರು ಏಕೆ ಉಳಿದವು ಎಂಬ ಪ್ರಶ್ನೆಯೇ ಮುಂದಿನ ಕೆಲಸಕ್ಕೆಲ್ಲ ಎಳೆ.

ಕ್ಯಾಮೆರಾ ಎಲ್ಲಿ ನಿಂತಿದೆ?

ಎರಡನೇ ಸಲ ಧ್ವನಿ ಪೂರ್ತಿ ಮುಚ್ಚಿ ನೋಡಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಇದ್ದರೆ ‘ಇ’ ಕೀಲಿ ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬಿನಲ್ಲಿ ಚಿತ್ರ ನಿಲ್ಲಿಸಿ ಅಲ್ಪವಿರಾಮ, ಪೂರ್ಣವಿರಾಮದ ಕೀಲಿಗಳನ್ನು ಒತ್ತಿದರೆ ಫ್ರೇಮ್ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಹಾಕಿಕೊಳ್ಳಿ: ಸಮಯ, ಕ್ಯಾಮೆರಾ ನಿಂತ ಜಾಗ, ಫ್ರೇಮಿನಲ್ಲಿ ಏನಿದೆ, ಏನು ಬದಲಾಯಿತು.

ಇಲ್ಲಿ ಹೆಚ್ಚಿನವರು ‘ಹೈ ಆ್ಯಂಗಲ್ ಶಾಟ್ ಬಳಸಲಾಗಿದೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಹೈ ಆ್ಯಂಗಲ್ ಎಂದರೆ ಪಾತ್ರವನ್ನು ಕುಗ್ಗಿಸಿ ತೋರಿಸುವುದು ಎಂದು ಪುಸ್ತಕದಲ್ಲಿರುವುದನ್ನೂ ಸೇರಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಆ ಪುಸ್ತಕದ ಮಾತು, ಈ ಚಿತ್ರದ್ದಲ್ಲ. ‘ಟೂ’ ಚಿತ್ರದಲ್ಲಿ ಬಡ ಹುಡುಗನನ್ನು ನಾವು ಬಹುಪಾಲು ಕಿಟಕಿಯ ಎತ್ತರದಿಂದಲೇ ನೋಡುತ್ತೇವೆ. ಅಂದರೆ ನಾವು ಶ್ರೀಮಂತ ಹುಡುಗನ ಪಕ್ಕದಲ್ಲೇ ನಿಂತು, ಅವನ ಕಣ್ಣಿನಲ್ಲೇ ಕೆಳಗೆ ನೋಡುತ್ತಿದ್ದೇವೆ. ಕೊಳಲು, ಡೋಲು, ಮುಖವಾಡ ಎಲ್ಲವೂ ನೆಲದ ಮೇಲೆ, ನಮ್ಮ ಕೆಳಗೆ. ಗಾಳಿಪಟದ ವಿಷಯ ಬೇರೆ. ಅದು ಮೇಲೇರುತ್ತದೆ. ಬಡವನ ಆಟದ ಸಾಮಾನು ಶ್ರೀಮಂತನ ಕಿಟಕಿಯ ಎತ್ತರಕ್ಕೆ ಬರುವುದು, ಅದನ್ನು ದಾಟಿ ಹೋಗುವುದು ಆಗ ಮಾತ್ರ. ಅವನು ತಲೆ ಎತ್ತಿ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಆಟಕ್ಕೆ ಆಟಿಕೆಯಿಂದಲೇ ಉತ್ತರ ಕೊಡುತ್ತಿದ್ದವನು ಏರ್‌ಗನ್ ಎತ್ತಿಕೊಳ್ಳುವುದೂ ಆಗಲೇ.

ಈ ಮಾತನ್ನು ಬೇರೆ ಯಾವ ಚಿತ್ರಕ್ಕೂ ಅಂಟಿಸಲಾಗದು. ನಾವು ಹುಡುಕುತ್ತಿದ್ದ ವಾಕ್ಯ ಇಂಥದ್ದು. ಇದರಲ್ಲಿ ‘ಹೈ ಆ್ಯಂಗಲ್’ ಎಂಬ ಪದ ಇರಲೇಬೇಕೆಂದಿಲ್ಲ, ಇದ್ದರೂ ಅಡ್ಡಿಯಿಲ್ಲ.

ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ: ‘ಹೀಗಿಲ್ಲದೆ ಹೋಗಿದ್ದರೆ?’ ಎಂದು ಕೇಳಿಕೊಳ್ಳುವುದು. ಕ್ಯಾಮೆರಾ ಗುಡಿಸಲಿನ ಪಕ್ಕದಲ್ಲಿದ್ದು, ಕಿಟಕಿಯ ಹುಡುಗ ಮೇಲೆಲ್ಲೋ ಸಣ್ಣದಾಗಿ ಕಂಡಿದ್ದರೆ? ಆಗ ಅದು ಬಡ ಹುಡುಗನ ನೋವಿನ ಕಥೆಯಾಗುತ್ತಿತ್ತು, ನಮಗೆ ಮರುಕ ಹುಟ್ಟುತ್ತಿತ್ತು, ಮನೆಗೆ ಹೋಗಿ ಮಲಗುತ್ತಿದ್ದೆವು. ಈಗ ಹಾಗಿಲ್ಲ. ಗುಂಡು ಹಾರಿದ ಕಿಟಕಿಯಲ್ಲೇ ನಾವೂ ಇದ್ದೆವಲ್ಲ! ಯಾವ ತಂತ್ರವನ್ನಾದರೂ ಮನಸ್ಸಿನಲ್ಲಿ ತೆಗೆದುಹಾಕಿ ನೋಡಿ. ಚಿತ್ರಕ್ಕೆ ಏನೂ ಆಗದಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿಲ್ಲ.

ಬೆಳಕು ಎಲ್ಲಿಂದ ಬರುತ್ತಿದೆ?

ಬೆಳಕನ್ನು ಓದಲು ಪಾತ್ರದ ಕಣ್ಣುಗುಡ್ಡೆ ನೋಡಿ. ಕ್ಲೋಸಪ್ಪಿನಲ್ಲಿ ಚಿತ್ರ ನಿಲ್ಲಿಸಿದರೆ ಅಲ್ಲೊಂದು ಬಿಳಿ ಚುಕ್ಕೆ ಕಾಣುತ್ತದೆ. ಚೌಕವಾಗಿದ್ದರೆ ಕಿಟಕಿಯೋ ಥರ್ಮೊಕೋಲ್ ಹಲಗೆಯೋ, ದುಂಡಗಿದ್ದರೆ ಲೈಟು, ಉದ್ದದ ಗೆರೆಯಾದರೆ ಟ್ಯೂಬ್‌ಲೈಟು. ಎರಡು ಚುಕ್ಕೆಗಳಿದ್ದರೆ ಎರಡು ಕಡೆಯಿಂದ ಬೆಳಕು ಬಿಟ್ಟಿದ್ದಾರೆ. ಆಮೇಲೆ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಹೊರಾಂಗಣವಾದರೆ ನೆಲದ ಮೇಲಿನ ನೆರಳು ಎಷ್ಟು ಉದ್ದವಿದೆ ನೋಡಿ. ಒಂದೇ ಸಂಭಾಷಣೆಯಲ್ಲಿ ಒಬ್ಬರ ನೆರಳು ಗಿಡ್ಡ, ಇನ್ನೊಬ್ಬರದು ಉದ್ದ ಇದ್ದರೆ ಊಟದ ಬ್ರೇಕ್ ಅವರ ಮಾತಿನ ನಡುವೆ ಬಂದಿದೆ ಎಂದೇ ಲೆಕ್ಕ. ಚೆನ್ನೈನ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಕಿರುಚಿತ್ರಗಳಲ್ಲಿ ಹುಬ್ಬಿನ ಕೆಳಗೆ ಕಣ್ಣು ಕಪ್ಪು ಗುಳಿಯಾಗಿ ಕಾಣುವುದುಂಟು. ಅದು ಅಭಿವ್ಯಕ್ತಿಯೋ ಅಥವಾ ಆ ದಿನ ಕ್ಯಾಮೆರಾ ಬಾಡಿಗೆ ಸಂಜೆಗೆ ಮುಗಿಯುತ್ತಿತ್ತೋ ಎಂದು ತೀರ್ಮಾನಿಸಬೇಕಾದದ್ದು ಉಳಿದ ದೃಶ್ಯಗಳನ್ನು ನೋಡಿ.

ಬಾಲು ಮಹೇಂದ್ರ ಸ್ವಾಭಾವಿಕ ಬೆಳಕಿಗೆ ಹೆಸರಾದವರು. ಮನೆಯೊಳಗಿನ ದೃಶ್ಯದಲ್ಲಿ ಬೆಳಕು ಕಿಟಕಿಯಿಂದಲೇ, ಬಾಗಿಲಿನಿಂದಲೇ ಬರಬೇಕು, ಮುಖದ ಒಂದು ಪಕ್ಕ ಕತ್ತಲಾಗಿಯೇ ಉಳಿದರೂ ಚಿಂತೆಯಿಲ್ಲ ಎಂಬ ದಾರಿ ಅವರದು. ಅವರ ಚಿತ್ರ ನೋಡುವಾಗ ಪಾತ್ರಗಳು ಕೋಣೆಯಲ್ಲಿ ಎಲ್ಲಿ ಕೂರುತ್ತವೆ ಎಂದು ಗಮನಿಸಿ. ಬೆಳಕು ಇರುವ ಕಡೆ ಮನುಷ್ಯರು ಹೋಗುತ್ತಾರೆ, ಮನುಷ್ಯರು ಇರುವ ಕಡೆಗೆ ಬೆಳಕು ಬರುವುದಿಲ್ಲ. ಸ್ಟುಡಿಯೊ ಪದ್ಧತಿಯಲ್ಲಿ ಇದು ಉಲ್ಟಾ.

ಇದರ ಇನ್ನೊಂದು ತುದಿಯಲ್ಲಿ ನಮ್ಮ ಮೈಸೂರಿನ ವಿ.ಕೆ.ಮೂರ್ತಿ ಇದ್ದಾರೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದವರು; 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದವರು. ‘ಕಾಗಜ್ ಕೆ ಫೂಲ್’ (1959) ಎಂಬ ಹಿಂದಿ ಚಿತ್ರದಲ್ಲಿ ಕತ್ತಲನ್ನು ಸೀಳಿ ಬರುವ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಲೈಟಿನಿಂದ ಮಾಡಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಲ್ಲಿ ಹಿಡಿದು ಸ್ಟುಡಿಯೊದೊಳಕ್ಕೆ ತಂದರು. ಸೂರ್ಯನದೇ ಬೆಳಕು, ಆದರೆ ಅದು ಬಿದ್ದದ್ದು ಮೂರ್ತಿ ಹೇಳಿದ ಕಡೆ. ‘ನೈಸರ್ಗಿಕ ಬೆಳಕು ಬಳಸಿದ್ದಾರೆ’ ಎಂದು ಬರೆದು ನಿಲ್ಲಿಸಿದರೆ ಮೂರ್ತಿಯವರೂ ಬಾಲು ಮಹೇಂದ್ರರೂ ಒಂದೇ ಸಾಲಿನಲ್ಲಿ ಕೂತುಬಿಡುತ್ತಾರೆ.

ಕತ್ತರಿಯ ಲೆಕ್ಕ

ಮೂರನೇ ಸಲ ನೋಡುವಾಗ ಕಟ್ ಎಣಿಸಿ. ಒಂದು ಹಾಳೆಯಲ್ಲಿ ನಿಮಿಷಕ್ಕೊಂದು ಮನೆಯಂತೆ ಹನ್ನೆರಡು ಮನೆ ಬರೆದು, ಶಾಟ್ ಬದಲಾದಾಗಲೆಲ್ಲ ಆ ಮನೆಯಲ್ಲಿ ಒಂದು ಗೀಟು ಹಾಕುತ್ತಾ ಹೋಗಿ. ಚಿತ್ರದ ಒಟ್ಟು ಸೆಕೆಂಡುಗಳನ್ನು ಶಾಟುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. 720 ಸೆಕೆಂಡಿಗೆ 90 ಶಾಟ್ ಎಂದಾದರೆ ಒಂದಕ್ಕೆ 8 ಸೆಕೆಂಡು. ಆದರೆ ಸರಾಸರಿಗೆ ಮರುಳಾಗಬೇಡಿ. ಯಾವ ಮನೆಯಲ್ಲಿ ಗೀಟುಗಳು ಕಿಕ್ಕಿರಿದಿವೆ, ಯಾವುದು ಖಾಲಿ ಹೊಡೆಯುತ್ತಿದೆ ಎಂಬುದೇ ಮುಖ್ಯ. ‘ಟೂ’ದಲ್ಲಿ ಕಿಟಕಿ, ಬಯಲು, ಕಿಟಕಿ, ಬಯಲು ಎಂದು ಸವಾಲ್–ಜವಾಬಿನಂತೆ ಓಡುವ ಭಾಗವಿದೆ. ಆ ಓಟ ಎಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಕ್ಯಾಮೆರಾ ಯಾರ ಮುಖದ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ನೀವೇ ಅಳೆದು ನೋಡಿ.

ಫಿಲ್ಮಿನ ಕಾಲದ ಲೆಕ್ಕ ಗೊತ್ತಿದ್ದರೆ ಹಳೆಯ ಚಿತ್ರಗಳ ಕಟ್ ಅರ್ಥವಾಗುತ್ತದೆ. 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಸೆಕೆಂಡಿಗೆ 24 ಫ್ರೇಮು, ಅಡಿಗೆ 16 ಫ್ರೇಮು. ಕ್ಯಾಮೆರಾದ 400 ಅಡಿ ಮ್ಯಾಗಜೀನು ನಾಲ್ಕೂವರೆ ನಿಮಿಷದೊಳಗೆ ಖಾಲಿ. ಫಿಲ್ಮ್ ದುಬಾರಿ, ಒಂದು ಟೇಕ್ ಕೆಟ್ಟರೆ ನಿರ್ಮಾಪಕರ ಮುಖ ನೋಡಬೇಕು. ಹಾಗಾಗಿ ರಿಹರ್ಸಲ್ ಹೆಚ್ಚು, ಟೇಕ್ ಕಡಿಮೆ, ಶಾಟ್ ಗಿಡ್ಡ. ಈಗ ಮೊಬೈಲಿನಲ್ಲಿ ಮೆಮೊರಿ ಕಾರ್ಡು ತುಂಬುವವರೆಗೆ ತೆಗೆಯಬಹುದು. ಆದ್ದರಿಂದ ಇವತ್ತಿನ ಕಿರುಚಿತ್ರದಲ್ಲಿ ಐದು ನಿಮಿಷದ ಕಟ್ ಇಲ್ಲದ ಶಾಟ್ ಕಂಡ ತಕ್ಷಣ ‘ಧೈರ್ಯದ ಪ್ರಯೋಗ’ ಎಂದು ಹೊಗಳಬೇಕಾಗಿಲ್ಲ. ಎಡಿಟಿಂಗ್ ರೂಮಿನ ಬಾಡಿಗೆ ಉಳಿಸಿದ್ದಿರಲೂಬಹುದು. ಆ ಐದು ನಿಮಿಷದೊಳಗೆ ಏನು ಬದಲಾಯಿತು ಎಂಬುದನ್ನು ಕೇಳಿ.

ಕಟ್ ಬಗ್ಗೆಯೇ ತಲೆ ಕೆಡಿಸಿಕೊಳ್ಳಬೇಕೆನ್ನುವವರು ಫ್ರಾನ್ಸಿನ ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೆ’ (1962) ನೋಡಿ. 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳು. ಒಂದೇ ಒಂದು ಕಡೆ ಚಿತ್ರ ಅಲುಗುತ್ತದೆ: ಮಲಗಿದ್ದ ಹೆಂಗಸು ಕಣ್ಣು ಮಿಟುಕಿಸುತ್ತಾಳೆ.

ಕಣ್ಣು ಮುಚ್ಚಿ ಕೇಳಿ

ಕಿರುಚಿತ್ರ ವಿಶ್ಲೇಷಣೆಗಳಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಧ್ವನಿಗೆ. ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ಸಂಗೀತ ಪೂರಕ’ ಎಂದು ಕೈ ತೊಳೆದುಕೊಳ್ಳುತ್ತೇವೆ. ನಾಲ್ಕನೇ ಸಲ ಪರದೆಯನ್ನು ಗೋಡೆಗೆ ತಿರುಗಿಸಿಟ್ಟು, ಇಯರ್‌ಫೋನ್ ಹಾಕಿಕೊಂಡು ಬರೀ ಕೇಳಿ.

ಕೋಡಂಬಾಕ್ಕಂ ನಕ್ಷೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಡಬ್ಬಿಂಗ್ ಎಂದ ಕೂಡಲೇ ಕನ್ನಡಿಗರಿಗೆ ಪರಭಾಷಾ ಚಿತ್ರಗಳ ಜಗಳ ನೆನಪಾಗುತ್ತದೆ. (ಒಂದು ತಮಾಷೆ: ಎವಿಎಂ ಸ್ಟುಡಿಯೊದ ಎ.ವಿ.ಮೆಯ್ಯಪ್ಪನ್ ತಯಾರಿಸಿದ ಕನ್ನಡದ ‘ಸತ್ಯ ಹರಿಶ್ಚಂದ್ರ’ 1944ರಲ್ಲಿ ತಮಿಳಿಗೆ ಡಬ್ ಆಗಿ ಬಂತು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರ ಅದು ಎನ್ನುತ್ತಾರೆ. ಡಬ್ಬಿಂಗಿನ ಬಾಗಿಲು ತೆರೆದದ್ದೇ ಕನ್ನಡ ಚಿತ್ರ!) ನಾನಿಲ್ಲಿ ಹೇಳುತ್ತಿರುವ ಡಬ್ಬಿಂಗ್ ಬೇರೆ. ನಟರು ತಮ್ಮದೇ ಮಾತನ್ನು ಶೂಟಿಂಗ್ ಆದ ಮೇಲೆ ಥಿಯೇಟರಿನಲ್ಲಿ ನಿಂತು ಮತ್ತೆ ಹೇಳುವುದು. ಹೊರಾಂಗಣಕ್ಕೆ ಒಯ್ಯುತ್ತಿದ್ದ ಆ್ಯರಿ 2ಸಿ ಕ್ಯಾಮೆರಾ ಹಗುರವಾಗಿತ್ತು, ಗಟ್ಟಿಮುಟ್ಟಾಗಿತ್ತು, ಆದರೆ ಕಟಕಟ ಸದ್ದು ಮಾಡುತ್ತಿತ್ತು. ಅಲ್ಲಿ ಹಿಡಿದ ಮಾತು ಗುರುತಿಗೆ ಮಾತ್ರ, ಚಿತ್ರಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಫಿಲ್ಮಿನ ಸಣ್ಣ ತುಂಡುಗಳನ್ನು ಲೂಪ್ ಮಾಡಿ ಮತ್ತೆ ಮತ್ತೆ ಓಡಿಸಿ, ತುಟಿಗೆ ಮಾತು ಕೂರಿಸುತ್ತಿದ್ದರು. ಈಗ ಲೂಪ್ ಇಲ್ಲ, ಕಂಪ್ಯೂಟರ್ ಇದೆ, ಕೆಲಸ ಅದೇ.

ಇದರಿಂದ ಚಿತ್ರದ ಮೇಲೆ ಬೀಳುವ ಗುರುತು ಯಾವುದು? ಹಳೆಯ ಕನ್ನಡ ಚಿತ್ರಗಳಲ್ಲಿ ನಾಯಕ–ನಾಯಕಿ ದೂರದ ಗುಡ್ಡದ ಮೇಲೆ ಇರುವೆಯಷ್ಟಾಗಿ ಕಾಣುತ್ತಿದ್ದರೂ ಮಾತು ಮಾತ್ರ ನಿಮ್ಮ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಕಣ್ಣಿಗೆ ಲಾಂಗ್ ಶಾಟ್, ಕಿವಿಗೆ ಕ್ಲೋಸಪ್. ಗಾಳಿಯ ಸದ್ದಿಲ್ಲ, ಉಸಿರಿನ ಏರಿಳಿತವಿಲ್ಲ. ನಮಗೆ ಅದು ಎಷ್ಟು ರೂಢಿಯಾಗಿದೆ ಎಂದರೆ ಅಲ್ಲೊಂದು ಆಯ್ಕೆಯಿದೆ ಎಂಬುದೇ ತೋಚುವುದಿಲ್ಲ.

ನಿಮ್ಮ ಕಿರುಚಿತ್ರದ ಮಾತು ಡಬ್ ಆಗಿದೆಯೇ, ಅಲ್ಲೇ ಹಿಡಿದ ಸಿಂಕ್ ಸೌಂಡೇ? ಹೀಗೆ ಪರೀಕ್ಷಿಸಿ. ನಮ್ಮ ವರ್ಣಮಾಲೆಯ ಪ ವರ್ಗ ನೆನಪಿಸಿಕೊಳ್ಳಿ: ಪ, ಫ, ಬ, ಭ, ಮ. ಇವನ್ನು ತುಟಿ ಮುಚ್ಚದೆ ಹೇಳಲಾಗುವುದಿಲ್ಲ. ‘ಅಮ್ಮ’ ಎಂಬ ಮಾತು ಕೇಳಿದಾಗ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಫ್ರೇಮ್ ಫ್ರೇಮಾಗಿ ಹಿಂದೆ ಹೋಗಿ ತುಟಿ ಮುಚ್ಚಿದೆಯೇ ನೋಡಿ. ಡಬ್ಬಿಂಗ್ ಮಾತು ಬರೆಯುವವರು ಮೊದಲು ಹೊಂದಿಸುವುದೇ ಈ ಅಕ್ಷರಗಳನ್ನು. ಇವು ಕೂತರೆ ಉಳಿದದ್ದನ್ನು ಕಣ್ಣು ಕ್ಷಮಿಸಿಬಿಡುತ್ತದೆ. ಎರಡನೆಯದಾಗಿ, ಪಾತ್ರ ಅಡುಗೆಮನೆಯಿಂದ ಅಂಗಳಕ್ಕೆ ಬಂದಾಗ ದನಿಯ ಸುತ್ತಲಿನ ಸದ್ದು ಬದಲಾಯಿತೇ ಕೇಳಿ. ಗೋಡೆಗಳ ನಡುವಿನ ಮಾತಿಗೂ ಬಯಲಿನ ಮಾತಿಗೂ ವ್ಯತ್ಯಾಸವಿರಬೇಕು. ಮೂರನೆಯದಾಗಿ ಹೆಜ್ಜೆ. ಬರಿಗಾಲೋ ಚಪ್ಪಲಿಯೋ, ನೆಲ ಮಣ್ಣಿನದೋ ಮೊಸಾಯಿಕ್ಕೋ? ಎಫೆಕ್ಟ್ಸ್ ಕೋಣೆಯಲ್ಲಿ ಒಬ್ಬರು ಪರದೆ ನೋಡುತ್ತಾ ಆ ಹೆಜ್ಜೆಗಳನ್ನು ತಾವೇ ಹಾಕಿರುತ್ತಾರೆ. ಎಲ್ಲಿ ಹೆಜ್ಜೆ ಕೇಳಿಸಬೇಕು, ಎಲ್ಲಿ ಕೇಳಿಸಬಾರದು ಎಂದು ಯಾರೋ ತೀರ್ಮಾನಿಸಿರುತ್ತಾರೆ.

ಆರ್‌ಆರ್ ವಿಷಯದಲ್ಲಿ ರಾಗ, ವಾದ್ಯ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಸಂಗೀತ ಯಾವ ಸೆಕೆಂಡಿಗೆ ಶುರುವಾಗುತ್ತದೆ, ಯಾವ ಸೆಕೆಂಡಿಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಪಾತ್ರ ಅಳುವ ಮೊದಲೇ ವಯೊಲಿನ್ ಅಳಲು ಶುರುಮಾಡಿದರೆ ನಿರ್ದೇಶಕರಿಗೆ ನಟರ ಮೇಲೆ ನಂಬಿಕೆ ಇಲ್ಲವೆಂದು ತಿಳಿಯಿರಿ. ಪ್ರಸಾದ್ ಸ್ಟುಡಿಯೊದಲ್ಲಿ ದಶಕಗಟ್ಟಲೆ ಕೂತು ಆರ್‌ಆರ್ ಮಾಡಿದ ಇಳೆಯರಾಜ ಅವರ ಚಿತ್ರಗಳಲ್ಲಿ ಕೇಳಬೇಕಾದದ್ದು ವಾದ್ಯಗಳಷ್ಟೇ ಅಲ್ಲ, ಅವು ಸುಮ್ಮನಾಗುವ ಜಾಗವನ್ನೂ.

‘ಟೂ’ಗೆ ಬನ್ನಿ. ಪರದೆ ತಿರುಗಿಸಿಟ್ಟು ಕೇಳಿದರೆ ಎರಡು ಬಗೆಯ ಸದ್ದು ಬೇರೆಬೇರೆಯಾಗಿ ನಿಲ್ಲುತ್ತವೆ. ಬಡ ಹುಡುಗನ ಕೊಳಲು ಅವನ ಉಸಿರಿನಿಂದ ಬರುತ್ತದೆ, ಡೋಲು ಅವನ ಕೈಯಿಂದ. ಶ್ರೀಮಂತ ಹುಡುಗನೂ ಮೊದಲು ತುತ್ತೂರಿಯನ್ನು ತಾನೇ ಊದುತ್ತಾನೆ. ಆಮೇಲೆ ಕೀಲಿಗೊಂಬೆಗಳು ಅವನ ಪರವಾಗಿ ಆಡತೊಡಗುತ್ತವೆ, ಅವನು ನೋಡುತ್ತಾ ಕೂರುತ್ತಾನೆ. ಕೊನೆಯಲ್ಲಿ ಅಷ್ಟೂ ಗೊಂಬೆಗಳು ಒಟ್ಟಿಗೆ ಕಿರುಚುವಾಗ ಕೊಳಲು ಅವುಗಳ ನಡುವೆಯೇ ತೂರಿಬರುತ್ತದೆ. ಕಿಟಕಿಯಾಚೆಯ ಹುಡುಗ ಆಗ ಫ್ರೇಮಿನಲ್ಲಿಲ್ಲ. ಅವನ ಗಾಳಿಪಟವನ್ನು ಹೊಡೆಯಬಹುದಿತ್ತು, ಏಕೆಂದರೆ ಅದು ಕಣ್ಣಿಗೆ ಕಾಣುತ್ತಿತ್ತು. ಕೊಳಲಿನ ದನಿಗೆ ಗುರಿ ಇಡುವುದು ಎಲ್ಲಿ?

ಬರೆಯಲು ಕೂತಾಗ

ಈಗ ನಿಮ್ಮ ಬಳಿ ಹತ್ತಾರು ಟಿಪ್ಪಣಿಗಳಿವೆ. ಮುಕ್ಕಾಲು ಪಾಲು ಎಸೆಯಿರಿ. ಮೊದಲ ಸಲ ನೋಡಿದಾಗ ಬರೆದಿಟ್ಟ ಮೂರು ಚಿತ್ರಗಳಿಗೆ ಸಂಬಂಧಪಟ್ಟದ್ದನ್ನು ಮಾತ್ರ ಇಟ್ಟುಕೊಳ್ಳಿ. ಕ್ಯಾಮೆರಾಗೊಂದು ಪ್ಯಾರಾ, ಸಂಗೀತಕ್ಕೊಂದು ಪ್ಯಾರಾ ಎಂದು ಇಲಾಖೆವಾರು ಹಂಚಬೇಡಿ. ಒಂದು ದೃಶ್ಯ ಹಿಡಿದು ಅದರಲ್ಲಿ ಕ್ಯಾಮೆರಾ, ಕಟ್, ಸದ್ದು ಮೂರೂ ಸೇರಿ ಏನು ಮಾಡಿದವು ಎಂದು ಬರೆಯಿರಿ. ನೋಡುವಾಗ ಕೋಣೆಗಳನ್ನು ಬೇರೆ ಮಾಡಿದ್ದು ಬರೆಯುವಾಗ ಮತ್ತೆ ಸೇರಿಸುವುದಕ್ಕೇ.

‘ನಿರ್ದೇಶಕರು ಇಲ್ಲಿ ಸಮಾಜದ ಮುಖವಾಡ ಕಳಚಲು ಹೊರಟಿದ್ದಾರೆ’ ಎಂಬಂಥ ವಾಕ್ಯ ಬಂದರೆ ಹೊಡೆದುಹಾಕಿ. ಅವರು ಎಲ್ಲಿಗೆ ಹೊರಟಿದ್ದರೋ ನಮಗೆ ಗೊತ್ತಿಲ್ಲ. ಪರದೆಯ ಮೇಲೆ ಏನು ಬಂತು ಎಂಬುದಷ್ಟೇ ಗೊತ್ತು. ಬಡತನದಿಂದ ಆದದ್ದನ್ನು ಶೈಲಿ ಎಂದು ಹೊಗಳುವುದೂ, ಶೈಲಿಯನ್ನು ಬಡತನ ಎಂದು ಕ್ಷಮಿಸುವುದೂ ಬೇಡ. ತಂತ್ರಜ್ಞರ ಹೆಸರುಗಳನ್ನು ಕೊನೆಯ ಟೈಟಲ್ ಕಾರ್ಡಿನಿಂದ ಸರಿಯಾಗಿ ಇಳಿಸಿಕೊಳ್ಳಿ. ಸೌಂಡ್ ಮಾಡಿದವರ ಹೆಸರನ್ನು ಬಿಡುವುದು ನಮ್ಮಲ್ಲಿ ಎಂದಿನ ಚಾಳಿ.

‘ಟೂ’ ಮುಗಿದ ಮೇಲೆ ಕನ್ನಡದ್ದನ್ನೇ ಬಿಚ್ಚಬೇಕು ಎನ್ನುವವರಿಗೆ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ (1976) ಇದೆ. ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಅವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’ ಎಂಬ ಮೂರು ಕಥೆಗಳನ್ನು ಮೂರು ಕಿರುಚಿತ್ರಗಳಂತೆ ಒಂದೇ ಚಿತ್ರದಲ್ಲಿ ಕೂರಿಸಿದ್ದು. ‘ಮುನಿತಾಯಿ’ಯಲ್ಲಿ ಆರತಿ ಕುರುಡಿ, ಅವಳ ಬಾಳಿಗೆ ಕಂಟಕವಾಗಿ ಬರುವವನು, ಬೆಂಗಳೂರಿನ ಬಸ್ ಕಂಡಕ್ಟರ್ ಕೆಲಸ ಬಿಟ್ಟು ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಟನೆ ಕಲಿತು ಆಗಷ್ಟೇ ಹೊರಬಂದಿದ್ದ ರಜನಿಕಾಂತ್. ಎಂಟು ವರ್ಷದ ನಂತರ ನಿರ್ದೇಶಕ ಮಹೇಂದ್ರನ್ (ಇವರು ಬಾಲು ಮಹೇಂದ್ರ ಅಲ್ಲ) ಇದೇ ಕಥೆಯನ್ನು ತಮಿಳಿನಲ್ಲಿ ‘ಕೈ ಕೊಡುಕ್ಕುಂ ಕೈ’ (1984) ಎಂಬ ಪೂರ್ಣ ಪ್ರಮಾಣದ ಚಿತ್ರವಾಗಿಸಿದರು. ಆಗ ರಜನಿ ಗಂಡನ ಪಾತ್ರಕ್ಕೆ ಬಂದಿದ್ದರು, ಕುರುಡಿಯಾಗಿ ರೇವತಿ ನಟಿಸಿದರು.

ಒಂದೇ ವಸ್ತು ಸಣ್ಣ ಕಥೆಯಾಗಿ, ಕಿರುಚಿತ್ರದಷ್ಟು ಉದ್ದದಲ್ಲಿ, ಆಮೇಲೆ ಪೂರ್ಣ ಚಿತ್ರವಾಗಿ ಸಿಗುವುದು ಅಪರೂಪ. ಮೊದಲು ಕಥೆ ಓದಿ, ಆಮೇಲೆ ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿ. ಕಣ್ಣು ಕಾಣದವಳು ಮನೆಯಲ್ಲಿ ಒಬ್ಬಳೇ ಇರುವ ದೃಶ್ಯಗಳನ್ನು ಮಾತ್ರ ಎತ್ತಿಕೊಳ್ಳಿ. ಅವಳಿಗೆ ಕಾಣದ್ದನ್ನು ಕ್ಯಾಮೆರಾ ನಮಗೆ ತೋರಿಸುತ್ತದೆಯೇ? ಯಾವಾಗ, ಎಷ್ಟು ಹೊತ್ತು? ಅಥವಾ ಅವಳಿಗೆ ಕೇಳಿಸಿದಷ್ಟನ್ನೇ ನಮಗೂ ಕೇಳಿಸಿ ಸುಮ್ಮನಾಗುತ್ತದೆಯೇ? ಬಾಗಿಲ ಬಳಿ ಯಾರೋ ಬಂದಾಗ ಮೊದಲು ಬರುವುದು ಹೆಜ್ಜೆಯ ಸದ್ದೋ, ಮುಖವೋ? ಕನ್ನಡ, ತಮಿಳು ಎರಡಕ್ಕೂ ಒಂದೊಂದು ಹಾಳೆ ಇಟ್ಟುಕೊಂಡು ಈ ಉತ್ತರಗಳನ್ನು ಸೆಕೆಂಡಿನ ಸಮೇತ ಬರೆದುಕೊಳ್ಳಿ. ತಮಿಳಿನಲ್ಲಿ ಹೆಚ್ಚಾದ ದೃಶ್ಯಗಳಲ್ಲಿ ಎಷ್ಟು ಕಥೆಗೆ ಬೇಕಾದವು, ಎಷ್ಟು ಆ ಹೊತ್ತಿಗಾಗಲೇ ಸ್ಟಾರ್ ಆಗಿದ್ದ ರಜನಿಗೆ ಬೇಕಾದವು ಎಂಬ ಲೆಕ್ಕವನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಹಾಕಬಹುದು.